ಶಿವನಂಜಪ್ಪ ಕಾರಿಗೆ ಹೊಂಗೆ ಎಣ್ಣೆ ಹಾಕಿದ್ದು

ಶಿವನಂಜಪ್ಪನಿಗೆ ಸುಮ್ಮನೆ ಕೂರುವುದು ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ಮಂಡಿ ಅಲುಗುತ್ತಲೇ ಇರುತ್ತಿತ್ತು. ಮದುವೆಮನೆಗೆ ಹೋದರೆ ನೆಂಟರ ಮಾತಿಗೆ ಕಿವಿಗೊಡದೆ ಛತ್ರದ ಹಿಂದೆ ಜನರೇಟರ್ ಓಡುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದ. ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಅವನ ಊರು. ಅಲ್ಲಿ ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದ್ದ, ಡೀಸೆಲ್ ಎಂಜಿನ್ನಿನದು. ರಾಗಿ ಬೀಸಲು ಬಂದ ಹೆಂಗಸರು ಚೀಲ ಇಳಿಸಿ ಹರಟುತ್ತಿದ್ದರೆ ಇವನು ಎಂಜಿನ್ನಿನ ಸದ್ದನ್ನೇ ಕೇಳುತ್ತಾ ನಿಂತಿರುತ್ತಿದ್ದ.

ಮನೆಮನೆಗೆ ಸಣ್ಣ ಕರೆಂಟ್ ಗಿರಣಿಗಳು ಬಂದ ಮೇಲೆ ಇವನ ಗಿರಣಿಗೆ ಬರುವವರು ಕಡಿಮೆಯಾದರು. ಬಾಗಿಲು ಮುಚ್ಚಿದ. ಹೊಗೆಸೊಪ್ಪು, ರಾಗಿ, ಎರಡು ಹಸು ಇದ್ದವು, ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಕೈಗೆ ಬೇಕಾದ ಕೆಲಸ ಅದಲ್ಲ. ಸೈಕಲ್ ಬ್ರೇಕಿನ ತಂತಿ ಕಟ್ಟಿ ಹಟ್ಟಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದ. ಕೊಟ್ಟಿಗೆಯ ಗಂಜಲ ಸೀದಾ ತೆಂಗಿನ ಬುಡಕ್ಕೆ ಹೋಗುವಂತೆ ಪೈಪು ಎಳೆದ. ಅವನ ಹೆಂಡತಿ ಸುಂದ್ರಮ್ಮ ಇದನ್ನೆಲ್ಲ ನೋಡುತ್ತಿದ್ದಳು, ತಡೆಯುತ್ತಿರಲಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಇವನು ಮನೆಯ ಹೆಂಚನ್ನೇ ಇಳಿಸಿಯಾನು ಎಂಬುದು ಅವಳಿಗೆ ಗೊತ್ತಿತ್ತು.

ಹೊಲದ ಬದುವಿನ ಮೇಲೆ ಹೊಂಗೆಮರಗಳು ಸಾಲಾಗಿ ನಿಂತಿದ್ದವು. ಅವನ ಅಪ್ಪ ನೆಟ್ಟವು. ಒಂದು ಬೇಸಿಗೆ ಮರದ ಬುಡದಲ್ಲಿ ಕಾಯಿ ಮಂದವಾಗಿ ಉದುರಿದ್ದನ್ನು ನೋಡುತ್ತಾ ನಿಂತವನಿಗೆ, ಹಿಂದೆ ಡೀಸೆಲ್ ಸಿಗದ ಕಾಲದಲ್ಲಿ ಅಪ್ಪ ಪಂಪಿನ ಎಂಜಿನ್ನಿಗೆ ಹೊಂಗೆ ಎಣ್ಣೆ ಹೊಯ್ದು ನೀರು ಹಾಯಿಸಿದ್ದು ನೆನಪಾಯಿತು. ನೆನಪಾದದ್ದೇ ತಡ, ಕಾಯಿ ಆರಿಸಿ, ಒಣಗಿಸಿ, ಬಡಿದು, ಬೀಜವನ್ನು ಮೂಟೆ ಕಟ್ಟಿ ಹುಣಸೂರಿನ ಗಾಣಕ್ಕೆ ಹಾಕಿಕೊಂಡು ಹೋದ. ವಾಪಸು ಬರುವಾಗ ಕೆಂಪಗೆ ಮಂದವಾಗಿದ್ದ ಎಣ್ಣೆಯ ಕ್ಯಾನುಗಳು ಕಾರಿನ ಡಿಕ್ಕಿಯಲ್ಲಿದ್ದವು. ಆ ಕಾರು ಬಿಳಿ ಬಣ್ಣದ ಹಳೆಯ ಡೀಸೆಲ್ ಕಾರು, ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಾನೇ ಸರಿಮಾಡಿಕೊಂಡದ್ದು.

ಮೊದಲು ಎಣ್ಣೆ ಬಿದ್ದದ್ದು ಪಂಪಿನ ಎಂಜಿನ್ನಿಗೆ. ಓಡಿತು. ಆಮೇಲೆ ಅವನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಪಂಪು ನಿಂತಲ್ಲೇ ನಿಲ್ಲುವ ಯಂತ್ರ; ಅದು ಓಡಿದರೆ ಏನು ದೊಡ್ಡ ವಿಷಯ? ಬದುವಿನ ಮರದ ಬಲದ ಮೇಲೆ ಒಂದು ಬಂಡಿ ರಸ್ತೆಗೆ ಇಳಿಯಬೇಕು. ಕಾರಿನ ಟ್ಯಾಂಕಿಗೆ ಡೀಸೆಲ್ಲಿನ ಜೊತೆ ಒಂದು ಪಾಲು ಬೆರೆಸಿದ. ಏನೂ ಆಗಲಿಲ್ಲ. ಅರ್ಧ ಬೆರೆಸಿದ. ಹಿಂದಿನಿಂದ ಬರುವ ಹೊಗೆಗೆ ಒಂದು ಥರ ಕಮಟು ವಾಸನೆ ಬಂತು, ಅಷ್ಟೇ. ಆ ಬೇಸಿಗೆಯಲ್ಲಿ ಸುಂದ್ರಮ್ಮನನ್ನು ಕೂರಿಸಿಕೊಂಡು ಕೆ.ಆರ್.ನಗರದಲ್ಲಿದ್ದ ಮಗ ಗೌರೀಶನ ಮನೆಗೆ ಹೋಗಿ ಬಂದ. ಗೌರೀಶ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು ಮೂಗು ಮುಚ್ಚಿಕೊಂಡ.

"ಅಪ್ಪಾಜಿ, ಇದ್ರಲ್ಲಿ ಅಮ್ಮನ್ನ ಕರ್ಕೊಂಡ್ ಬಂದ್ರಾ?"

"ಬಂದ್ವಲ್ಲ. ಎಲ್ಲಾರ ನಿಲ್ತಾ?"

ನಿಂತಿರಲಿಲ್ಲ. ಹಾಗಾಗಿ ಗೌರೀಶ ಅಮ್ಮನ ಚೀಲ ಎತ್ತಿಕೊಂಡು ಒಳಗೆ ನಡೆದ.

ಮಳೆಗಾಲ ಕಳೆದು ಚಳಿ ಇಳಿಯತೊಡಗಿದಾಗ ಕಾರು ಬೇರೆ ಥರ ಮಾತಾಡತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೆ ಸತಾಯಿಸುತ್ತಿತ್ತು. ಏರಿನಲ್ಲಿ ಉಸಿರು ಸಿಕ್ಕಿಕೊಂಡವರ ಹಾಗೆ ಒಮ್ಮೊಮ್ಮೆ ಜಗ್ಗುತ್ತಿತ್ತು. ಅವನು ಫಿಲ್ಟರ್ ಬಿಚ್ಚಿ ನೋಡಿದ. ಒಳಗೆಲ್ಲ ಜಿಡ್ಡು ಮೆತ್ತಿಕೊಂಡಿತ್ತು. ಚಳಿಗೆ ಎಣ್ಣೆ ಹೆಪ್ಪಾಗುತ್ತದೆ, ಅಷ್ಟೇ ತಾನೆ ಅಂದುಕೊಂಡ. ಹೊಸ ಫಿಲ್ಟರ್ ಹಾಕಿದ. ಬೆಳಿಗ್ಗೆ ಅದರ ಮೇಲೆ ಬಿಸಿನೀರು ಸುರಿಯುವುದನ್ನು ಕಲಿತ, ಅದೂ ಸುಂದ್ರಮ್ಮ ಹಾಲು ಕರೆಯಲು ಹೋದ ಹೊತ್ತು ನೋಡಿ. ರಸ್ತೆಯಲ್ಲಿ ಹೋಗುವಾಗ ಪಕ್ಕದಲ್ಲಿದ್ದವರು ಏನೇ ಹೇಳಿದರೂ ಹೂಂಗುಟ್ಟುತ್ತಿದ್ದ. ಕಿವಿಯೆಲ್ಲ ಎಂಜಿನ್ನಿನ ಮೇಲೆ. ಮಾಗಿಯ ನಡುವೆ ಒಂದು ಸಂಜೆ, ಇದನ್ನು ಒಂದು ಸಲ ನೋಡಿಯೇ ಬಿಡಬೇಕು ಎನ್ನಿಸಿತು. ಡೀಸೆಲ್ ಹೆಚ್ಚುಕಡಿಮೆ ಬರಿದಾಗಿದ್ದ ಟ್ಯಾಂಕಿಗೆ ಉಳಿದಿದ್ದ ಕ್ಯಾನಿನ ಎಣ್ಣೆಯನ್ನು ಪೂರ್ತಿ ಹೊಯ್ದ. ಚಳಿಯಲ್ಲಿ ಬರೀ ಹೊಂಗೆ ಎಣ್ಣೆಯ ಮೇಲೆ ಎಲ್ಲಿಯವರೆಗೆ ಹೋಗುತ್ತದೋ ನಾಳೆ ನೋಡೋಣ ಅಂದುಕೊಂಡ. ಚಳಿಯ ಮೊದಲಲ್ಲಿ ಹಾಕಿದ್ದ ಫಿಲ್ಟರನ್ನು ಮಾತ್ರ ಮತ್ತೆ ಬದಲಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಸುಂದ್ರಮ್ಮ ಹಸುವಿಗೆ ಹುಲ್ಲು ಎಳೆಯಲು ಮೆದೆಯ ಹತ್ತಿರ ಹೋಗಿದ್ದಳು. ಕೂಗಿದ್ದು ಕೇಳಿ ಶಿವನಂಜಪ್ಪ ಓಡಿಬಂದಾಗ ಅವಳು ಕಣದ ಕಲ್ಲಿನ ಮೇಲೆ ಕೂತು ಬಲಗಾಲಿನ ಹಿಮ್ಮಡಿಯಲ್ಲಿ ಹಾವು ಕಚ್ಚಿದ ಗುರುತನ್ನು ನೋಡುತ್ತಿದ್ದಳು.

"ಮಂಡ್ಲದಾವು ಕಣ್ರೀ. ಉಲ್ಲಿನ್ ಒಳೀಕ್ಕೇ ಓಯ್ತು. ನಾ ನೋಡ್ದೆ."

ಪಕ್ಕದ ಹೊಲದ ಸಣ್ಣಬೀರಯ್ಯನೂ ಓಡಿಬಂದ. ಮೊಬೈಲ್ ತೆಗೆದ. "ಅಣ್ಣ, ಒನ್ನಾಟ್ ಎಯ್ಟ್‌ಗೆ ಫೋನ್ ಮಾಡ್ಲಾ?"

"ಆಂಬುಲೆನ್ಸು ಇಲ್ಲೀಗಂಟ ಬರೋದ್ರೊಳ್ಗೆ ನಾವು ಉಣಸೂರಾಸ್ಪತ್ರೇಲಿರ್ತೀವಿ. ಬುಡು," ಅಂದ ಶಿವನಂಜಪ್ಪ.

ಆ ಕ್ಷಣಕ್ಕೆ ಅವನಿಗೆ ಹಾಗೆಯೇ ಅನ್ನಿಸಿತ್ತು. ಬಿಸಿನೀರು ಸುರಿದ ಮೇಲೆ ಕಾರು ಸ್ಟಾರ್ಟ್ ಆಯಿತು ಕೂಡ. ಸುಂದ್ರಮ್ಮನನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದ. ಊರ ದಾರಿ ಮುಗಿದು ಡಾಂಬರು ರಸ್ತೆ ಸಿಕ್ಕಿತು. ಹಿಮ್ಮಡಿ ಊದಿಕೊಳ್ಳುತ್ತಿತ್ತು. ಅವಳು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಅವನು ಕನ್ನಡಿಯಲ್ಲಿ ಒಮ್ಮೆ ಅವಳನ್ನು, ಒಮ್ಮೆ ಹಿಂದಿನ ಹೊಗೆಯನ್ನು ನೋಡುತ್ತಿದ್ದ. ಹೊಗೆ ಬೆಳ್ಳಗೆ ದಟ್ಟವಾಗಿ ಬರುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರಿಗೆ ಕಸುವಿಲ್ಲ. ಜಗ್ಗಿತು, ಸರಿಹೋಯಿತು, ಮತ್ತೆ ಜಗ್ಗಿತು. ಒಂದು ಏರು ಹತ್ತುವಾಗ ಎಂಜಿನ್ ಒಂದು ಸಲ ಕೆಮ್ಮಿ ನಿಂತೇಹೋಯಿತು.

ಶಿವನಂಜಪ್ಪ ಇಳಿದು ಬಾನೆಟ್ ಎತ್ತಿದ.

ಅವನಿಗೆ ಗೊತ್ತಿತ್ತು, ಫಿಲ್ಟರ್ ಕಟ್ಟಿಕೊಂಡಿದೆ. ಗೊತ್ತಿದ್ದದ್ದೇ ತಪ್ಪಾಯಿತು. ರೋಗ ಗೊತ್ತಾದ ಮೇಲೆ ಅವನ ಕೈ ಸುಮ್ಮನಿರಲಿಲ್ಲ. ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನ ತಂದ. ಫಿಲ್ಟರ್ ಬಿಚ್ಚಿ, ಜಿಡ್ಡು ಒರೆಸಿ, ಮತ್ತೆ ಕೂರಿಸಿ, ಎಣ್ಣೆ ಹತ್ತಿಸುವ ಕೈಪಂಪು ಒತ್ತತೊಡಗಿದ. ಅಷ್ಟರಲ್ಲಿ ಒಂದು ಬೈಕು ಹೋಯಿತು. ಸೊಪ್ಪು ತುಂಬಿದ ಟೆಂಪೋ ಒಂದು ವೇಗ ತಗ್ಗಿಸಿ, ಇವನು ತಲೆ ಎತ್ತದೇ ಇದ್ದುದನ್ನು ಕಂಡು ಮುಂದೆ ಹೋಯಿತು.

"ಕಾರು ಬುಡ್ರೀ. ಯಾವ್ದಾರ ಬಸ್ಸಿಗೆ ಕೈ ಅಡ್ಡಾಕಿ," ಎಂದಳು ಸುಂದ್ರಮ್ಮ ಒಳಗಿನಿಂದ.

"ಆಯ್ತು ತಡಿ, ಈಗ ಒಂಟೋಯ್ತದೆ."

ಕೀಲಿ ತಿರುಗಿಸಿದ. ಎಂಜಿನ್ ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಾನೆಟ್ಟಿನ ಕೆಳಗೆ ತಲೆ ಹಾಕಿದ. ಪೈಪು ಬಿಚ್ಚಿ ಬಾಯಲ್ಲಿ ಊದಿದ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಆ ಚಳಿಯಲ್ಲೂ. ಇನ್ನೊಂದು ಸಲ ಒತ್ತಿದರೆ ಎಣ್ಣೆ ಹತ್ತುತ್ತದೆ, ಇನ್ನೊಂದೇ ಸಲ. ಅವಳು ಇನ್ನೇನೋ ಹೇಳಿದಳು. ಅದು ಅವನ ಕಿವಿಗೆ ಬೀಳಲಿಲ್ಲ.

ಬಾಗಿಲು ತೆಗೆದ ಸದ್ದಾಯಿತು. ತಲೆ ಎತ್ತಿ ನೋಡಿದರೆ ಸುಂದ್ರಮ್ಮ ಕಾರಿಗೆ ಒರಗಿಕೊಂಡು ಒಂಟಿ ಕಾಲಲ್ಲಿ ರಸ್ತೆಯಲ್ಲಿ ನಿಂತಿದ್ದಾಳೆ. ಎದುರಿನ ಮಂಜಿನಿಂದ ಕೆಂಪು ಬಸ್ಸು ಬರುತ್ತಿತ್ತು. ಅವಳು ಎರಡೂ ಕೈ ಎತ್ತಿದಳು.

ಅದು ಹುಣಸೂರಿನ ಕಡೆಯಿಂದ ಹೆಗ್ಗಡದೇವನಕೋಟೆಗೆ ಹೋಗುವ ಬಸ್ಸು, ಅಂದರೆ ಇವರ ದಾರಿಗೆ ಎದುರು. ಡ್ರೈವರ್ ಬಗ್ಗಿ ಅವಳ ಕಾಲು ನೋಡಿದ. ಕಂಡಕ್ಟರ್ ಹೆಂಗಸು ಕೆಳಗಿಳಿದು ಸುಂದ್ರಮ್ಮನ ರೆಟ್ಟೆ ಹಿಡಿದಳು. "ಬನ್ನಿ ಅಮ್ಮ. ಕೋಟೆ ದೂರ ಆಯ್ತದೆ, ಹಿಂದಕ್ಕೇ ತಿರುಗಿಸ್ತೀವಿ," ಎಂದಳು. ಒಳಗಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ಹುಣಸೂರಿನ ಆಸ್ಪತ್ರೆಯ ಗೇಟು ಬರುವವರೆಗೆ ಬಸ್ಸು ಎಲ್ಲೂ ನಿಲ್ಲಲಿಲ್ಲ. ಶಿವನಂಜಪ್ಪ ಸೀಟಿನಲ್ಲಿ ಕೂರಲಾರದೆ ಕಂಬಿ ಹಿಡಿದು ನಿಂತಿದ್ದ. ಪಾನ ಇನ್ನೂ ಕೈಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಕೊಳವೆಗೆ ತೆಗೆದ ರಕ್ತ ಹೆಪ್ಪುಗಟ್ಟಲಿಲ್ಲ. ವಿಷ ರಕ್ತಕ್ಕೆ ಸೇರಿದೆಯೆಂದು ಡಾಕ್ಟರು ಅದಕ್ಕೆ ಮದ್ದಿನ ಡ್ರಿಪ್ ಹಾಕಿಸಿದರು. ಆಮೇಲೆ ಕಿಡ್ನಿಗೆ ಪೆಟ್ಟಾಗಬಹುದೆಂದು ಮೈಸೂರಿನ ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳುಹಿಸಲು ಬರೆದರು. ಹೊರಡುವ ಮೊದಲು ಅವನು ಆ ಚಿಕ್ಕ ವಯಸ್ಸಿನ ಡಾಕ್ಟರನ್ನು ತಡೆದು ಕೇಳಿದ.

"ಇನ್ನೊಸಿ ಬಿರ್ನೆ ಬಂದಿದ್ರೆ ಕಿಡ್ನಿಗೇನೂ ಆಯ್ತಿರ್ಲಿಲ್ವಾ, ಮೇಡಮ್?"

"ಬೇಗ ಬಂದಷ್ಟೂ ಒಳ್ಳೇದು. ಈಗ ಬಂದಿದ್ದೀರಲ್ಲ, ನೋಡೋಣ," ಎಂದು ಅವರು ಮುಂದಿನ ರೋಗಿಯ ಕಡೆ ನಡೆದರು.

ಹೌದು ಎಂದಿದ್ದರೂ, ಅಲ್ಲ ಎಂದಿದ್ದರೂ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಈ ಮಾತು ಎರಡೂ ಆಗದೆ ಒಳಗೇ ಉಳಿದು ಕೊರೆಯತೊಡಗಿತು. ಮೈಸೂರಿನಲ್ಲಿ ಅವಳಿಗೆ ಎರಡು ಮೂರು ಸಲ ಡಯಾಲಿಸಿಸ್ ಆಯಿತು. ಅವನು ವಾರ್ಡಿನ ಹೊರಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಆ ಬೈಕು, ಆ ಟೆಂಪೋ ನೆನಪಾಗುತ್ತಿದ್ದವು. ಟೆಂಪೋದವನು ವೇಗ ತಗ್ಗಿಸಿದ್ದನಲ್ಲ.

ಗೌರೀಶ ಬಂದವನೇ ತಾಯಿಯನ್ನು ನೋಡಿ, ಹೊರಗೆ ಬಂದು ಅಪ್ಪನ ಪಕ್ಕ ನಿಂತ.

"ಟ್ಯಾಂಕಲ್ಲಿ ಏನಿತ್ತು, ಅಪ್ಪಾಜಿ?"

"ಹೊಂಗೆ ಎಣ್ಣೆ."

"ಡೀಸೆಲ್ಲು?"

"ಬರೀ ಅದೇ."

ಗೌರೀಶ ಬೈಯುತ್ತಾನೆಂದು ಅವನು ಕಾದ. ಮಗ ಬೈಯಲಿಲ್ಲ. ಕೆಳಗೆ ಹೋಗಿ ಟೀ ತಂದು, ಅಪ್ಪನ ಲೋಟವನ್ನು ಕಿಟಕಿಯ ಮೇಲಿಟ್ಟು, ತನ್ನದನ್ನು ಹಿಡಿದುಕೊಂಡು ವರಾಂಡದ ಇನ್ನೊಂದು ತುದಿಗೆ ಹೋಗಿ ಕುಡಿದ.

ಸುಂದ್ರಮ್ಮ ಬದುಕಿದಳು. ಹಿಮ್ಮಡಿಯ ಹತ್ತಿರ ಮಾಂಸ ಕೊಳೆತು ಕುಳಿಬಿದ್ದ ಗಾಯ ಮಾತ್ರ ನಿಧಾನಕ್ಕೆ ಮಾಯಬೇಕಿತ್ತು. ಮನೆಗೆ ಬರುವ ಹೊತ್ತಿಗೆ ಸಣ್ಣಬೀರಯ್ಯ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆತಂದು ಕಣದ ಮೂಲೆಯಲ್ಲಿ ನಿಲ್ಲಿಸಿದ್ದ. ಶಿವನಂಜಪ್ಪ ಅದರ ಹತ್ತಿರ ಸುಳಿಯಲಿಲ್ಲ. ಬೆಳಿಗ್ಗೆ ಎದ್ದು ಹೊಲದವರೆಗೆ ನಡೆಯುವನು, ಅಲ್ಲಿಂದ ಬಸ್ ಸ್ಟಾಪಿಗೆ, ಅಲ್ಲಿಂದ ವಾಪಸು. ಮಾಡುವ ಕೆಲಸ ಅರ್ಧಕ್ಕೇ ಬಿಡುವನು. ಕಾರಿನ ಕೆಳಗೆ ಕೋಳಿ ಮೊಟ್ಟೆಯಿಡತೊಡಗಿತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಾ ಸುಂದ್ರಮ್ಮ ಇದನ್ನು ನೋಡಿದಳು. ಒಂದು ದಿನ ಕರೆದಳು.

"ಇಲ್ ಬಂದು ಕೂತ್ಕೊಳ್ಳಿ. ಎಣ್ಣೆ ಆಕಿದ್ಕೆ ನಂಗ್ ಸಿಟ್ಟಿಲ್ಲ. ನೀವ್ ಮೊದ್ಲಿಂದ್ಲೂ ಅಂಗೇಯ."

ಅವನು ಕೂತ.

"ನಾ ಬಸ್ಸು ಬಸ್ಸು ಅಂತ ಬಡ್ಕೋತಿದ್ರೆ ನೀವು ಪಾನ ತಿರುಗಿಸ್ತಾ ನಿಂತಿದ್ರಲ್ಲ, ಅದು. ಅದೊಂದು ನಂಗೆ ಓಗಾಕಿಲ್ಲ."

ಅವನು ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದ. ಆ ಹಿಡಿ ಮುಗಿದ ಮೇಲೆ, "ಇನ್ಮೇಲೆ ಆ ಎಣ್ಣೆ ಸಾವಾಸನೇ ಬ್ಯಾಡ. ಪಂಪಿಗೂ ಆಕಲ್ಲ," ಅಂದ.

"ಪಂಪ್ಯಾಕೆ? ಅದೇನ್ ಆಸ್ಪತ್ರೆಗ್ ಓಗ್ಬೇಕಾ? ಅದ್ಕೆ ಆಕ್ಕೊಳ್ಳಿ. ಮನುಸ್ರು ಕೂರೋ ಬಂಡಿಗ್ ಬ್ಯಾಡ."

ಮರುದಿನವೇ ಅವನು ಹುಣಸೂರಿಗೆ ಹೋಗಿ ಮೆಕ್ಯಾನಿಕ್ ಪ್ರಭುಸ್ವಾಮಿಯನ್ನು ಕರೆತಂದ. ತಾನು ಪಾನ ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತು ಚಡಪಡಿಸಿದ. ಟ್ಯಾಂಕು ಇಳಿಸಿ ತೊಳೆದರು. ಪೈಪುಗಳಿಂದ ಅಂಟು ತೆಗೆದರು. ಇಂಜೆಕ್ಟರುಗಳಲ್ಲಿ ಎರಡು ಹಾಳಾಗಿದ್ದವು, ಬದಲಾಯಿಸಿದರು. ಬಂಕಿನಿಂದ ತಂದ ಡೀಸೆಲ್ ಹೊಯ್ದು ಸ್ಟಾರ್ಟ್ ಮಾಡಿದಾಗ ಹೊಗೆ ತೆಳ್ಳಗೆ ಬಂತು.

ಸುಂದ್ರಮ್ಮನನ್ನು ಚೆಕಪ್ಪಿಗೆ ಮೈಸೂರಿಗೆ ಕರೆದೊಯ್ಯುವ ದಿನ ಬಂತು. ಬಸ್ಸಿಗೆ ಹೋಗೋಣವೆಂದು ಅವನೇ ಹೇಳಿದ್ದ. ಅವಳು ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಿದ್ದಳು. ಹುಣಸೂರು ದಾಟಿ ಹೆದ್ದಾರಿ ಹಿಡಿದರೂ ಅವನ ಭುಜ ಸಡಿಲಾಗಲಿಲ್ಲ. ಪಕ್ಕದಲ್ಲಿ ಹಾದುಹೋದ ಲಾರಿಯ ಸದ್ದನ್ನು ತನ್ನ ಕಾರಿನದೆಂದುಕೊಂಡು ಎರಡು ಸಲ ಬೆಚ್ಚಿಬಿದ್ದ. ಬಿಳಿಕೆರೆಯಲ್ಲಿ ಅಂಗಡಿಗಳು ಕಂಡಾಗ ಸುಂದ್ರಮ್ಮ, "ಟೀ ಕುಡ್ಯವ, ನಿಲ್ಸಿ," ಎಂದಳು.

"ಬತ್ತಾ ಕುಡ್ಯವ."

ಅವಳು ಅವನ ಮುಖ ನೋಡಿದಳು. ಎಂಜಿನ್ ಆರಿಸಿದರೆ ಮತ್ತೆ ಹತ್ತಲಿಕ್ಕಿಲ್ಲ ಎಂಬ ಹೆದರಿಕೆ ಅದರಲ್ಲಿತ್ತು.

"ಈಗ್ಲೇ ನಿಲ್ಸಿ," ಎಂದಳು.

ನಿಲ್ಲಿಸಿದ. ಅವಳು ಬೆಂಚಿನ ಮೇಲೆ ಕೂತು, ಕಾಲು ನೀಡಿ, ಟೀಯನ್ನು ಆರಿಸಿ ಆರಿಸಿ ಕುಡಿದಳು. ಅವನು ಲೋಟ ಹಿಡಿದು ಕಾರಿಗೂ ಅಂಗಡಿಗೂ ನಡುವೆ ನಿಂತೇ ಇದ್ದ. ಅವನ ಟೀ ಕೆನೆಕಟ್ಟಿತು. ಆಮೇಲೆ ಇಬ್ಬರೂ ಹತ್ತಿ ಕೂತರು. ಕೀಲಿ ತಿರುಗಿಸುವಾಗ ಅವನು ಉಸಿರು ಹಿಡಿದುಕೊಂಡಿದ್ದ. ಎಂಜಿನ್ ಹತ್ತಿಕೊಂಡಿತು. ಸುಂದ್ರಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯ ಗಾಜು ಇಳಿಸಿದಳು. ಅವನು ಹಿಂದೆ ಬರುವ ಬಂಡಿಗಳನ್ನು ನೋಡಿಕೊಂಡು ಕಾರನ್ನು ಮೈಸೂರಿನ ಕಡೆ ತಿರುಗಿಸಿದ.