ಬೀಸೂಕಲ್ಲಿನ ಹಾಡಿಗೊಂದು ಲಿನಕ್ಸ್

ನನ್ನ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಒಗ್ಗೂದಿಲ್ಲ ಅಂತ ಪರದಿ ಮ್ಯಾಲೆ ಬಂದಾಗ ಅಗದಿ ಸಿಟ್ಟು ಬಂತು. ಚಲೋ ನಡಿಯೂ ಮಷಿನ್ ಒಗದು ಹೊಸಾದು ತರಬೇಕಂತ! ಕುಂದಗೋಳದ ನಮ್ಮ ಸಾಲಿಯೊಳಗ ಗಣಿತ ಕಲಿಸೂ ಮಾಸ್ತರು, "ಒಗೀಬ್ಯಾಡ್ರಿ ಬಾಯಾರ, ವಿಂಡೋಸ್ ಬದಲಿ ಪುಕ್ಕಟ ಸಿಗೂ ಲಿನಕ್ಸ್ ಹಾಕ್ರಿ. ಅದರಾಗ ನೂರೆಂಟು ನಮೂನಿ ಅದಾವು. ಪೆನ್‌ಡ್ರೈವಿನಿಂದ ಚಾಲೂ ಮಾಡಿ ನೋಡ್ರಿ, ಮನಸಿಗೆ ಬಂದದ್ದು ಇಟ್ಕೋರಿ," ಅಂದರು.

ಅವರಿಗೇನು ಗೊತ್ತು! ನನಗ ಬೇಕಾದದ್ದು ಒಂದ. ಅವ್ವ ಸಾಯೂಕಿಂತ ಮೊದಲ ಹೇಳಿ ಬರಸಿದ ಬೀಸೂಕಲ್ಲಿನ ಹಾಡು ಆ ಲ್ಯಾಪ್‌ಟಾಪಿನ್ಯಾಗ ಇದ್ದುವು. ಆಕಿ ಬಳ್ಳೊಳ್ಳಿ ಸುಲಕೋತ ಧಾಟಿ ಬಿಟ್ಟು ಬರೇ ಸಾಲು ಹೇಳತಿದ್ದಳು, ನಾ ಟೈಪ್ ಮಾಡತಿದ್ದೆ. ಆ ಮಧ್ಯಾಹ್ನ ಇನ್ನೊಮ್ಮೆ ಸಿಕ್ಕರ ಏನ ಬೇಕಾದರೂ ಕೊಟ್ಟೇನು. ಯಾವ ಲಿನಕ್ಸಿನ್ಯಾಗ ಆ ಹಾಡು ಕಾಣತಾವೋ ಅದ ನಂದು.

ಮೊದಲ ಉಬುಂಟು ಅನ್ನೂ ನಮೂನಿ ನೋಡಿದೆ. ಫೈಲ್ ತಗದರ ಕನ್ನಡನ ಇಲ್ಲ, ತಲಿಗೆ ಕೊಂಬು ಬಂದ ಇಂಗ್ಲಿಷ್ ಅಕ್ಷರದ ರಾಶಿ. ಫೆಡೋರಾದಾಗ ಅದ ರಾಶಿ. ಮಿಂಟಿನ್ಯಾಗೂ ಅದ. ಎಲ್ಲಾರ ಮನಿ ದ್ವಾಸಿನೂ ತೂತ ಅಂತ ಮಾಸ್ತರಿಗೆ ಫೋನ್ ಹಚ್ಚಿ ಬೈದೆ.

ಅವರು ನಕ್ಕರು. "ಲಿನಕ್ಸ್ ಬದಲಿ ಮಾಡಿದರ ಏನಾಗತೈತ್ರಿ? ನೀವು ಟೈಪ್ ಮಾಡಿದ್ದು ಹಳೇ ನಮೂನಿ ಕನ್ನಡ ಫಾಂಟಿನ್ಯಾಗ. ಆ ಫಾಂಟ್ ವಿಂಡೋಸಿನಿಂದ ತಂದು ಇಲ್ಲಿ ಹಾಕ್ರಿ."

ಎದುರಿಗೆ ಮಿಂಟ್ ಇತ್ತು, ಅದರಾಗ ಹಾಕಿದೆ. ಫೈಲ್ ತಗದೆ, ಪರದಿ ತುಂಬ ಕನ್ನಡ! ಅವ್ವ ಹೇಳಿದ್ದು ಹೇಳಿದಂಗ. ನನ್ನ ಆಯ್ಕೆ ಅಲ್ಲಿಗೆ ಮುಗೀತು. ದುಃಖ ತಡಿಲಿಲ್ಲ, ಗಟ್ಟಿಯಾಗಿ ಅತ್ತೆ.

ದುಮ್ಮವಾಡದಾಗಿರೂ ಚಿಗವ್ವಗ, ಅಂದರ ಅವ್ವನ ತಂಗಿಗೆ, ಫೋನ್ ಮಾಡಿ ಮೊದಲ ಸಾಲು ಓದಿದೆ. ಬೀಸೂ ಹಾಡು ಇಬ್ಬರದು. ಕಲ್ಲಿನ ಎದುರುಬದುರು ಕೂತು ಒಬ್ಬಾಕಿ ಒಂದು ಸಾಲು ಅಂದರ ಇನ್ನೊಬ್ಬಾಕಿ ಮುಂದಿನದು ಎತ್ತಿಕೋಬೇಕು. ಲಗ್ನಕ್ಕಿಂತ ಮೊದಲ ಅಕ್ಕ-ತಂಗಿ ಹಂಗ ಬೀಸಿದವರು. ಚಿಗವ್ವ ಆ ಸಾಲು ಹಾಡಿದಳು. ಹಾಡಿ ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಅವ್ವಂದು.

ಸಾಲು ನನ್ನ ಕಣ್ಣಮುಂದ ಇತ್ತು. ಓದಿದೆ.

"ಓದಬ್ಯಾಡ ಬೇ, ಹಾಡು," ಅಂದಳು.

ಧಾಟಿ ನನಗ ಗೊತ್ತಿರಲಿಲ್ಲ. ಚಿಗವ್ವ ಆ ಕಡೆ ಕಾಯಕೋತ ಕುಂತಿದ್ದಳು. ಯವ್ವಾ, ಆ ಸಾಲಿಗೆ ನೀನ ಬೇಕಿತ್ತು.