ಚಿತ್ರದೊಳಗೆ ಕೂತಿದ್ದ ಅವ್ವ

ನಜರ್‌ಬಾದಿನ ಹಳೇ ಬಂಗಲೆಯೊಂದರಲ್ಲಿ ಚಿತ್ರಗಳ ಪುಟ್ಟ ಸಂಗ್ರಹಾಲಯವಿದೆ. ಭಾನುವಾರ ಬೆಳಿಗ್ಗೆ ಮಕ್ಕಳು ಹೋದರೆ ಬಾಗಿಲಲ್ಲೇ ಒಂದು ರಟ್ಟು, ಹಾಳೆ, ಪೆನ್ಸಿಲ್ ಕೊಡುತ್ತಾರೆ. ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ, ಒಂದೇ ಚಿತ್ರ ಆರಿಸಿಕೊಂಡು ಅದರ ಮುಂದೆ ಕೂತು ಕಂಡದ್ದನ್ನು ಬರೆಯಿರಿ ಅನ್ನುತ್ತಾರೆ. ಎಂಟು ವರ್ಷದ ನನ್ನ ಮಗಳಿಗೆ ಇದು ಬಹಳ ಹಿಡಿಸಿತ್ತು. ಒಂದು ವಾರ ಆನೆಯ ಮುಂದೆ, ಇನ್ನೊಂದು ವಾರ ಮೀನು ಮಾರುವವಳ ಮುಂದೆ ಕೂತಿದ್ದಳು. ನಾನು ಹಿಂದೆ ನಿಂತು ಮೊಬೈಲ್ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಚಿತ್ರ ನೋಡುವುದು ನನಗೆ ಬರುತ್ತಿರಲಿಲ್ಲ.

ಆ ಭಾನುವಾರ ಅವ್ವನೂ ಜೊತೆಗಿದ್ದಳು. ವಿದ್ಯಾರಣ್ಯಪುರಂನ ಮನೆಯಲ್ಲಿ ಅವಳು ನಮ್ಮೊಂದಿಗೇ ಇರುತ್ತಾಳೆ. ಮಧ್ಯಾಹ್ನ ಸಿದ್ಧಾರ್ಥನಗರದ ತಮ್ಮನ ಮನೆಗೆ ಊಟಕ್ಕೆ ಹೋಗಬೇಕಿತ್ತು, ದಾರಿಯಲ್ಲೇ ಬಂಗಲೆ. ಒಳಗೆ ಬಾ ಎಂದರೆ ಕಾಲುನೋವೆಂದು ಹೇಳಿ ಅಂಗಳದ ಕಲ್ಲುಬೆಂಚಿನ ಮೇಲೆ ಉಳಿದಳು.

ಮಗಳು ಈ ಸಲ ಆರಿಸಿದ್ದು ಒಳಕೋಣೆಯ ದೊಡ್ಡ ತೈಲಚಿತ್ರ. ಸ್ಟೂಲಿನ ಮೇಲೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಕೂತಿದ್ದಾಳೆ. ಮೈಮೇಲೆ ರವಿಕೆಯಿಲ್ಲ. ಹಸಿರು ಸೀರೆ ಸೊಂಟಕ್ಕೆ ಇಳಿದಿದೆ. ತುರುಬು ಎತ್ತಿ ಕಟ್ಟಿದೆ. ಮುಖ ಕಿಟಕಿಯ ಕಡೆಗಿದ್ದು ಕೆನ್ನೆಯ ಅಂಚು ಮಾತ್ರ ಕಾಣುತ್ತದೆ. ನನಗೆ ಮುಜುಗರವಾಗಿ, ಬೇರೆ ಯಾವುದಾದರೂ ನೋಡು ಎಂದೆ. ಅವಳು ಆಗಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

ಹತ್ತು ನಿಮಿಷ ಕಳೆದಿರಬೇಕು. ಪೆನ್ಸಿಲ್ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಇದು ಅಜ್ಜಿ."

"ಯಾರ ಅಜ್ಜಿ?"

"ನಮ್ಮಜ್ಜಿ. ಬೆನ್ನು ನೋಡು."

ನಗುತ್ತಲೇ ತಲೆಯೆತ್ತಿದೆ. ಎಡಭುಜದ ಕೆಳಗೆ ಅಂಗೈ ಅಗಲದ ಸುಟ್ಟ ಕಲೆ, ಮಾವಿನೆಲೆಯ ಹಾಗೆ ತುದಿ ಚೂಪಾಗಿ ಕೆಳಗಿಳಿದಿತ್ತು. ಬೆನ್ನುಮೂಳೆಯ ಪಕ್ಕ ಒಂದರ ಕೆಳಗೊಂದು ಎರಡು ಮಚ್ಚೆ. ಅವ್ವ ಚಿಕ್ಕವಳಿದ್ದಾಗ ಹಳ್ಳಿಮನೆಯಲ್ಲಿ ಕುದಿಯುವ ಎಸರು ಚೆಲ್ಲಿ ಆದ ಕಲೆ ಅದು. ಶನಿವಾರ ಅಜ್ಜಿಯ ಬೆನ್ನಿಗೆ ಎಣ್ಣೆ ಹಚ್ಚುವುದು ನನ್ನ ಮಗಳ ಕೆಲಸ. ಆ ಬೆನ್ನು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಪಕ್ಕದ ಚೀಟಿ ಓದಿದೆ. 'ಕೂತ ಹೆಂಗಸು' ಎಂದಿತ್ತು. ಕೆಳಗೆ ಚಿತ್ರಕಾರನ ಹೆಸರು, ಬರೆದ ಇಸವಿ. ಲೆಕ್ಕ ಹಾಕಿದರೆ ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತಷ್ಟೇ.

ಅಷ್ಟರಲ್ಲಿ ಒಂದು ಸಂಸಾರ ಒಳಗೆ ಬಂತು. ಗಂಡ, ಹೆಂಡತಿ, ಇಬ್ಬರು ಹುಡುಗರು. ಆತ ಮಕ್ಕಳಿಗೆ ಬೆನ್ನಿನ ಮೇಲೆ ಬಿಸಿಲು ಬಿದ್ದಿರುವುದನ್ನು ತೋರಿಸಲು ಕೈಯೆತ್ತಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಚಿತ್ರಕ್ಕೂ ಅವರಿಗೂ ನಡುವೆ ಹೋಗಿ ನಿಂತಿದ್ದೆ. ಆತ ಸ್ವಲ್ಪ ಕಾದು, ದಯವಿಟ್ಟು ಒಂಚೂರು ಸರಿಯುತ್ತೀರಾ ಎಂದು ಮೆಲ್ಲಗೆ ಕೇಳಿದ. ಕಾಲು ಕೀಳಲು ಆಗಲಿಲ್ಲ. ನನ್ನ ಮುಖ ನೋಡಿ ಹೆಂಡತಿಗೆ ಏನನ್ನಿಸಿತೋ, ಎಲ್ಲರನ್ನೂ ಮುಂದಿನ ಕೋಣೆಗೆ ಕರೆದೊಯ್ದಳು.

ತಿರುಗಿ ನೋಡಿದರೆ ಮಗಳಿಲ್ಲ. ಅಂಗಳಕ್ಕೆ ಓಡಿಹೋಗಿ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು.

ಅವ್ವ ಬಾಗಿಲಲ್ಲಿ ನಿಂತಳು. ಆಮೇಲೆ ಹತ್ತಿರ ಬಂದು ಕತ್ತೆತ್ತಿ ತುಂಬ ಹೊತ್ತು ನೋಡಿದಳು. ಇಲ್ಲ ಅನ್ನಲಿ, ಯಾರೋ ಬೇರೆಯವಳು ಅನ್ನಲಿ ಎಂದು ನಾನು ಕಾಯುತ್ತಿದ್ದೆ.

"ಕಿಟಕಿ ಇಷ್ಟು ದೊಡ್ಡದಿರ್ಲಿಲ್ಲ ಕಣವ್ವ," ಎಂದಳು.

ಅವಳನ್ನು ಹೊರಗೆ ಕರೆದುಕೊಂಡು ಬಂದು, ಮಗಳು ಪಕ್ಕದಲ್ಲಿರುವುದನ್ನೂ ಮರೆತು ಕೇಳಬಾರದ ರೀತಿಯಲ್ಲಿ ಕೇಳಿದೆ. ಶಾಲೆಯಲ್ಲಿ ಕಸ ಗುಡಿಸುತ್ತೇನೆಂದು ನಮಗೆ ಹೇಳಿ ಹೀಗೆ ಕೂರುತ್ತಿದ್ದೆಯಾ, ಯಾರಾದರೂ ಗುರುತು ಹಿಡಿದಿದ್ದರೆ ನಮ್ಮ ಗತಿ ಏನು ಎಂದೆ. ಅವ್ವ ದನಿ ಏರಿಸಲಿಲ್ಲ. ಕಸ ಗುಡಿಸುತ್ತಿದ್ದುದೂ ನಿಜ, ಆದರೆ ಅದು ಚಿತ್ರ ಕಲಿಸುವ ಶಾಲೆ ಎಂದಳು. ಒಂದು ದಿನ ಚಿತ್ರಕ್ಕೆ ಕೂರಬೇಕಾದವಳು ಬರಲಿಲ್ಲವಂತೆ. ಮೇಷ್ಟ್ರು ಇವಳನ್ನು ಕೇಳಿದರಂತೆ. ಮೊದಲು ಸೆರಗು ಹೊದ್ದು, ಮುಖಕ್ಕೆ ಮಾತ್ರ. ಬೆನ್ನಿಗೆ ಕೇಳಿದಾಗ ಒಂದು ವಾರ ಯೋಚಿಸಿ ಒಪ್ಪಿದ್ದಳು. ಮೇಷ್ಟ್ರ ಹೆಂಡತಿ ಅಷ್ಟು ಹೊತ್ತೂ ಕೋಣೆಯಲ್ಲೇ ಕೂತು ಹೂ ಕಟ್ಟುತ್ತಿದ್ದರಂತೆ. ಹೀಗೆ ಎರಡು ವರ್ಷ. ಮುಗಿದ ಚಿತ್ರ ಒಂದನ್ನೂ ಅವಳು ನೋಡಿರಲಿಲ್ಲ.

"ನಾಚ್ಕೆ ಆಗ್ಲಿಲ್ವಾ ಅವ್ವ?"

"ಆಯ್ತು. ಆಮೇಲೆ ಓಯ್ತು," ಎಂದಳು. "ಹುಟ್ಟಿದಾಗ್ಲಿಂದ ಕೂತೋಳಲ್ಲ ನಾನು. ಗದ್ದೆ, ಕೊಟ್ಟಿಗೆ, ಒಲೆ. ಅಲ್ಲಿ ಸುಮ್ಕೆ ಕೂತ್ಕೋ, ಅಲ್ಲಾಡ್‌ಬ್ಯಾಡ ಅಂದ್ರು. ಮೊದಲ್ನೇ ದಿನ ಅತ್ತುಬುಟ್ಟೆ ಕಣವ್ವ, ಎಂಗೆ ಕೂರೋದು ಅಂತ್ಲೇ ತಿಳೀಲಿಲ್ಲ."

ನಾನು ರಸ್ತೆಗೆ ಹೋಗಿ ಆಟೋ ನಿಲ್ಲಿಸಿದೆ.

ತಮ್ಮನ ಮನೆಯಲ್ಲಿ ಮಗಳು ಬಾಯಿ ಬಿಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸಾರು ಬಡಿಸುವ ಹೊತ್ತಿಗೆ ಬಿಟ್ಟೇಬಿಟ್ಟಳು. ಮಾವ, ಅಜ್ಜಿಯ ಚಿತ್ರ ಬರೆದು ಗೋಡೆಗೆ ಹಾಕಿದ್ದಾರೆ ಎಂದು ಬರಿಬೆನ್ನು ಬರೆದಿದ್ದ ತನ್ನ ಹಾಳೆ ತೋರಿಸಿದಳು. ತಮ್ಮ ನಗುತ್ತಾ ಅವ್ವನನ್ನು ನೋಡಿದ. ಅವ್ವ ಹೌದಪ್ಪ ಎಂದಳು. ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ಕಲೆಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದುಹೋದ. ಅವನ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವ್ವ ಮಾತ್ರ ಊಟ ಮುಗಿಸಿದಳು.

ಒಂದು ವಾರ ಅವ್ವನ ಮುಖ ನೋಡಿ ಮಾತಾಡಲು ನನ್ನಿಂದ ಆಗಲಿಲ್ಲ. ಆಮೇಲೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಒಬ್ಬಳೇ ಬಂಗಲೆಗೆ ಹೋದೆ. ಮಗಳ ಹಾಗೆ ನೆಲದ ಮೇಲೆ ಕೂತು ನೋಡಿದೆ. ಅವ್ವನ ಬೆನ್ನೆಂದರೆ ನನ್ನ ನೆನಪಿನಲ್ಲಿ ಬಾಗಿದ ಬೆನ್ನು: ಪೊರಕೆಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಇಲ್ಲಿ ಅದು ನೆಟ್ಟಗಿತ್ತು. ಎರಡೂ ಭುಜ ಸಡಿಲವಾಗಿ ಇಳಿದಿದ್ದವು. ಮೂವತ್ತು ದಾಟದ ಹೆಂಗಸೊಬ್ಬಳು ಯಾರ ಕರೆಗೂ ಕಿವಿಗೊಡದೆ ಕಿಟಕಿಯಾಚೆ ನೋಡುತ್ತಿದ್ದಳು. ಇವಳು ನನಗೆ ಗೊತ್ತೇ ಇರಲಿಲ್ಲ ಅನ್ನುವುದು, ಬೆತ್ತಲೆ ಬೆನ್ನಿಗಿಂತ ದೊಡ್ಡ ಪೆಟ್ಟಾಗಿ ಬಿತ್ತು.

ತಮ್ಮ ಮೂರು ವಾರದ ಮೇಲೆ ಮನೆಗೆ ಬಂದ. ಕಾಫಿ ಲೋಟ ಕೈಯಲ್ಲಿಟ್ಟುಕೊಂಡು, ನಮಗ್ಯಾಕೆ ಹೇಳಲಿಲ್ಲ ಎಂದು ಅವ್ವನನ್ನು ಕೇಳಿದ.

"ಏಳಿದ್ರೆ ಬುಟ್‌ಬುಡು ಅಂತಿದ್ರಿ ನೀವು," ಎಂದಳು ಅವ್ವ. "ನಂಗೆ ಬುಡಕ್ಕೆ ಇಷ್ಟ ಇರ್ಲಿಲ್ಲ ಕಣಪ್ಪ."

ಅವನು ಇನ್ನೂ ಹೋಗಿ ನೋಡಿಲ್ಲ. ಅವ್ವ ಒತ್ತಾಯಿಸಿಯೂ ಇಲ್ಲ. ಕಳೆದ ಭಾನುವಾರ ನನ್ನನ್ನು ಕರೆಯದೆ, ಮೊಮ್ಮಗಳ ಕೈ ಹಿಡಿದುಕೊಂಡು ಅವಳೇ ಮತ್ತೊಮ್ಮೆ ಹೋಗಿಬಂದಳು.