ಜೀರಿಗೆ ವಾಸನೆಯ ಮರ

ಮೊನ್ನೆ ಶಿರಸಿ ಪೇಟೆಯಲ್ಲಿ ಮಾವಿನ ಮಿಡಿ ಮಾರುವವನು ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿನ ಹತ್ತಿರ ಹಿಡಿದ. ಸೊನೆಯಲ್ಲಿ ಜೀರಿಗೆಯ ತೆಳು ವಾಸನೆ. ಚೌಕಾಸಿ ಅಲ್ಲಿಗೇ ನಿಂತುಹೋಯಿತು. ಎದುರುಮನೆಯ ಅಕ್ಕೋರು ನೆನಪಾದರು...

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ನಿವೃತ್ತರಾದ ಮೇಲೆ ನಮ್ಮ ಕಾಲನಿಗೆ ಬಂದು ಒಬ್ಬರೇ ಇದ್ದವರು. ತುಂಬ ಒಳ್ಳೆಯವರಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಬಾಯಿಗೆ ಸಿಕ್ಕದವರು ಕಾಲನಿಯಲ್ಲಿ ಯಾರೂ ಇರಲಿಲ್ಲ. ಬೆಟ್ಟ ಬೋಳಿಸಿ ಎಬ್ಬಿಸಿದ ಕಾಲನಿ ಅದು. ಕಾಡಿನ ಗಿಡಗಳನ್ನೆಲ್ಲ ಓಡಿಸಿ ನಾವು ಕ್ರೋಟನ್ನು, ಕಾಗದದ ಹೂವು ನೆಟ್ಟುಕೊಂಡಿದ್ದೆವು. ಅಕ್ಕೋರು ಮಾತ್ರ ತಮ್ಮ ಚೂರು ಅಂಗಳದಲ್ಲಿ ಸುರಗಿ, ರಂಜ, ಮುರುಗಲು ಬೆಳೆಸಿದ್ದರು. ಒಂದು ದಿನ ನಮ್ಮ ಗೇಟಿನ ಮೇಲೆ ಹಬ್ಬಿದ ಕಾಗದದ ಹೂವನ್ನು ನೋಡಿ, "ಒಂದು ಜೇನೂ ಬತ್ತಿಲ್ಲೆ ಇದ್ಕೆ. ನಿನ್ನ ಹಾಂಗೇಯ, ಬರೀ ಬಣ್ಣ" ಎಂದರು. ನಾನು ಬಹಳ ದಿನ ಮಾತು ಬಿಟ್ಟಿದ್ದೆ.

ಅವರ ಮನೆಯ ಮುಂದೆ, ರಸ್ತೆಯ ಅಂಚಿಗೆ, ಹಳೆಯ ಮಾವಿನ ಮರವೊಂದು ಹೇಗೋ ಉಳಿದುಕೊಂಡಿತ್ತು. ಅಕ್ಕೋರು ಕೇಳಿದವರಿಗೆಲ್ಲ ಕಾಟು ಮರ, ಕಾಡುಮಾವು, ಯಾತಕ್ಕೂ ಬಾರದ್ದು ಎಂದು ಬಿಡುತ್ತಿದ್ದರು. ಮಿಡಿ ಉದುರುವ ಕಾಲದಲ್ಲಿ ಊರು ಏಳುವ ಮೊದಲೇ ಎದ್ದು ಮರದ ಬುಡ ಗುಡಿಸುತ್ತಿದ್ದರು. ಅಕ್ಕೋರಿಗೆ ಗುಡಿಸುವ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಬಿದ್ದ ಮಿಡಿಯನ್ನು ಯಾರೂ ಮೂಸಿ ನೋಡಬಾರದು ಎಂದು ಗುಡಿಸುತ್ತಿದ್ದರೆಂಬುದು ತಿಳಿದದ್ದು ಆಮೇಲೆ.

ಗಟಾರಕ್ಕೆ ಆ ಮರ ಅಡ್ಡ ಬಂತು. ಕಡಿಯುವುದೆಂದು ಕಾಲನಿಯವರು ಸಭೆ ಸೇರಿದರು. ಕೊನೆಗೆ ಅಕ್ಕೋರು ಎದ್ದು ಸೆರಗಿನ ಗಂಟು ಬಿಚ್ಚಿ ಒಂದು ಮಿಡಿ ತೆಗೆದು ತೊಟ್ಟು ಮುರಿದರು.

"ಇದು ಕಾಟು ಮಾವಲ್ಲ, ಜೀರಿಗೆ ಅಪ್ಪೆ. ಉಪ್ಪಿನಕಾಯಿಗೆ ಇದರ ಮಿಡಿಯೇ ಮಿಡಿ. ಇಂಥದ್ದು ಇನ್ನೊಂದು ನಾನು ಕಂಡಿಲ್ಲ. ಕಡಿದರೆ ಮುಗೀತು."

ಮಿಡಿ ಕೈಯಿಂದ ಕೈಗೆ ಹೋಯಿತು. ಮೂಸಿದವರ ಮುಖವೇ ಬದಲಾಯಿತು. ಗಟಾರವನ್ನೇ ತಿರುಗಿಸುವುದು, ಮರ ಕಡಿಯುವಂತಿಲ್ಲ ಎಂದು ಒಕ್ಕೊರಲಿನಿಂದ ತೀರ್ಮಾನವಾಯಿತು. ಚಪ್ಪಾಳೆ ಬಿತ್ತು. ಅಕ್ಕೋರು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಅದೇ ವಾರ ಅವರು ವಜ್ರಳ್ಳಿಯ ತಂಗಿಯ ಮನೆಗೆ ತಿಥಿಗೆ ಹೋದರು. ಉಪ್ಪಿನಕಾಯಿಯ ಮಿಡಿ ನೆಲಕ್ಕೆ ಬೀಳಬಾರದು, ತೊಟ್ಟು ಕಳಚಬಾರದು. ಪೆಟ್ಟಾದ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ. ಒಂದೊಂದಾಗಿ ಕೊಯ್ಯುವ ತಾಳ್ಮೆ ಯಾರಿಗಿದೆ? ಕಾಲನಿಯವರು ಕೊಯ್ಯುವವನನ್ನು ಕರೆಸಿ, ಕೊಂಬೆಗಳನ್ನೇ ಕಡಿದು ಹಗ್ಗ ಕಟ್ಟಿ ಇಳಿಸಿದರು. ಚಪ್ಪಾಳೆ ತಟ್ಟಿದವರೇ ಕೆಳಗೆ ಚೀಲ ಹಿಡಿದು ನಿಂತಿದ್ದರು. ಬೇಡವೆಂದು ಕೂಗಾಡಿದ ನನಗೆ, ನಿಮಗೂ ಒಂದು ಪಾಲಿದೆ ಎಂದರು.

ಸಂಜೆಯ ಬಸ್ಸಿಗೆ ಅಕ್ಕೋರು ಬಂದರು. ಕಂಬದ ಹಾಗೆ ನಿಂತ ಬೊಡ್ಡೆಯನ್ನು ನೋಡಿದರು. ಕಾಲನಿಯ ಅಧ್ಯಕ್ಷರ ಹೆಂಡತಿ, "ಮರ ಇದ್ಯಲ್ಲ ಅಕ್ಕೋರೇ. ಕೊಂಬೆ ಅಷ್ಟೇ, ಮತ್ತೆ ಚಿಗುರ್ತದೆ" ಎಂದಳು. ಅಕ್ಕೋರು ಸೊಪ್ಪಿನ ರಾಶಿಯಲ್ಲಿ ಕೂತು ಕಡ್ಡಿ ಆರಿಸತೊಡಗಿದರು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಕಾಟು ಮಾವಿನ ಸಸಿಗಳಿಗೆ ಕಸಿ ಕಟ್ಟಿದರು. ಕಸಿ ಕಟ್ಟುವ ಕಾಲವಲ್ಲ ಅದು. ಒಂದೂ ಹಿಡಿಯಲಿಲ್ಲ. ಮರವೂ ಚಿಗುರಲಿಲ್ಲ. ಗೊರಟು ಕಟ್ಟುವ ಮೊದಲೇ ಕೊಯ್ದದ್ದರಿಂದ ಬಿತ್ತಲು ಬೀಜವೂ ಇರಲಿಲ್ಲ.

"ಹೇಳಿದ್ದೇ ತಪ್ಪಾತು ನೋಡು. ಕಾಟು ಮರ ಆಗೇ ಸಾಯ್ಲಿ ಹೇಳಿ ಬಿಡಕಾಗಿತ್ತು" ಎಂದರು ನನ್ನ ಹತ್ತಿರ.

ಮಳೆಗಾಲದಲ್ಲಿ ಅಧ್ಯಕ್ಷರ ಹೆಂಡತಿ ಒಂದು ಬಾಟಲಿ ಉಪ್ಪಿನಕಾಯಿ ತಂದು, "ನಿಮ್ಮ ಮರದ್ದೇ, ರುಚಿ ನೋಡಿ" ಎಂದಳು. ಎಸೆಯುತ್ತಾರೆ ಎಂದುಕೊಂಡೆ. ಅಕ್ಕೋರು ಒಂದು ಮಿಡಿ ತೆಗೆದು ನಿಧಾನ ಚೀಪಿದರು. "ಉಪ್ಪು ಕಡಿಮೆ ಆಯ್ತು. ಬಾಳ್ಕೆ ಬರೂದಿಲ್ಲ" ಎಂದು ಬಾಟಲಿ ವಾಪಸು ಕೊಟ್ಟರು.

ಬಾಳಿಕೆ ಬರಲಿಲ್ಲ, ಅವರೂ. ಮುಂದಿನ ಮಳೆಗಾಲಕ್ಕೆ ಅಕ್ಕೋರು ಇರಲಿಲ್ಲ. ಆ ಅಂಗಳಕ್ಕೆ ಈಗ ಕಾಂಕ್ರೀಟು ಬಿದ್ದಿದೆ, ಸುರಗಿಯೂ ಇಲ್ಲ...

ಮೊನ್ನೆ ಪೇಟೆಯಲ್ಲಿ ನನ್ನ ಪಕ್ಕದಲ್ಲೇ ಅಧ್ಯಕ್ಷರ ಹೆಂಡತಿಯೂ ಮಿಡಿ ಆರಿಸುತ್ತಿದ್ದಳು. ಮೂಸಿ, ಮುಖ ಸಿಂಡರಿಸಿ, ಕೆಳಗಿಟ್ಟಳು.

"ಆ ಮರದ ಮಿಡಿ ಮತ್ತೆಲ್ಲೂ ಸಿಗ್ಲಿಲ್ಲ ಮಾರಾಯ್ತಿ. ಅಕ್ಕೋರದು ಎಂಥ ಸ್ವಾರ್ಥ ನೋಡು. ಮೊದ್ಲೇ ಹೇಳಿದ್ರೆ ಎಷ್ಟು ವರ್ಷ ಉಪ್ಪಿನಕಾಯಿ ಹಾಕ್ಬಹುದಿತ್ತು."

ಅದಕ್ಕೆ ತಿರುಗಿ ಅನ್ನಬಲ್ಲವರು ಒಬ್ಬರೇ ಇದ್ದರು.